ಫಾರಂನಲ್ಲಿ ಇಲ್ಲದ ಸಾಲು

ಕಳೆದ ಜೂನ್‌ನಲ್ಲಿ ನಮ್ಮ ಬೀದರ್‌ನ ಓಣಿಯ ಅಕ್ಕ ಒಬ್ಬರು ಮಗಳ ಅಡ್ಮಿಷನ್ ಫಾರಂ ಹಿಡಿದುಕೊಂಡು ಮನೆಗೆ ಬಂದರು. ಚರ್ಚಿನವರು ನಡೆಸುವ ಅನುದಾನಿತ ಶಾಲೆ. ಅಕ್ಕನಿಗೆ ಓದು ಬಾರದು, ಹೆಬ್ಬೆಟ್ಟು ಒತ್ತುವ ಮುಂಚೆ ಓದಿಸಿಕೊಳ್ಳಲು ಬಂದಿದ್ದರು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ಮಗು ದಿನಾ ಪ್ರಾರ್ಥನೆಗೆ, ವಾರಕ್ಕೊಮ್ಮೆ ಬೈಬಲ್ ಪಾಠಕ್ಕೆ ಹಾಜರಿರಬೇಕು. ಬೇಡ ಅಂತ ಬರೆಯೋಕೆ ಫಾರಂನಲ್ಲಿ ಜಾಗವೇ ಇರಲಿಲ್ಲ.

"ಬ್ಯಾಡ ಅಂದ್ರ ಸೀಟ್ ಕೊಡ್ತಾರೇನೋ ತಮ್ಮಾ?" ಎಂದರು.

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಚರ್ಚುಗಳ ಮೇಲೆ ನನಗೆ ಸಿಟ್ಟಿಲ್ಲ. ನಮ್ಮೂರಲ್ಲಿ ಮೆಥೋಡಿಸ್ಟ್ ಮಿಷನ್‌ನವರು ಆಸ್ಪತ್ರೆ, ಶಾಲೆ ಕಟ್ಟಿದ್ದು ನಿಜಾಮರ ಕಾಲದಲ್ಲಿ. ಬಡವರ, ದಲಿತರ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿದವರು ಅವರು. ಅಲ್ಪಸಂಖ್ಯಾತರು ತಮ್ಮ ಶಾಲೆ ತಾವು ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಅದು ಇರಲೇಬೇಕು.

ಆದರೆ ಅದೇ ಸಂವಿಧಾನದ 28(3)ನೇ ವಿಧಿಯೂ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗೆ, ಪೂಜೆ ಪ್ರಾರ್ಥನೆಗೆ ಕೂರಿಸುವಂತಿಲ್ಲ. ಸೀಟು ಹೋದೀತು ಅನ್ನೋ ಹೆದರಿಕೆಯಲ್ಲಿ ಒತ್ತಿದ ಹೆಬ್ಬೆಟ್ಟು ಒಪ್ಪಿಗೆ ಹೇಗಾಗುತ್ತದೆ? ಧರ್ಮ, ಜಾತಿ ನೋಡಿ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 29(2). ಈ ಮಾತನ್ನು ಅಕ್ಕನಿಗೆ ಯಾರೂ ಹೇಳಿಯೇ ಇಲ್ಲ.

ಅಲ್ಲಿ ಅನುದಾನಿತ ಹುದ್ದೆಯ ಮೇಷ್ಟ್ರುಗಳಿಗೆ ಸಂಬಳ ಬರೋದು ಸರ್ಕಾರದ ಖಜಾನೆಯಿಂದ. ಆ ಖಜಾನೆಗೆ ಅಕ್ಕ ಕೊಳ್ಳುವ ಸೋಪಿನ ತೆರಿಗೆಯೂ ಸೇರುತ್ತದೆ. ಮಠದವರು, ಟ್ರಸ್ಟಿನವರು ನಡೆಸುವ ಅನುದಾನಿತ ಶಾಲೆಗಳಿಗೂ ಇದೇ ಮಾತು. ಕ್ರಿಶ್ಚಿಯನ್ನರನ್ನಷ್ಟೇ ಬೊಟ್ಟು ಮಾಡೋರ ಜೊತೆ ನಾನಿಲ್ಲ.

ಮರುದಿನ ಅಕ್ಕನ ಜೊತೆ ನಾನೂ ಶಾಲೆಗೆ ಹೋದೆ. ಹೆಡ್‌ಮೇಡಂ ಫಾರಂ ತಿರುಗಿಸಿ ನೋಡಿದರು. "ಇಷ್ಟು ವರ್ಷದಲ್ಲಿ ಯಾರೂ ಇದನ್ನ ಕೇಳಿಲ್ರಿ" ಎಂದರು. ಸಿಟ್ಟಿನಿಂದಲ್ಲ, ನಿಜಕ್ಕೂ ಆಶ್ಚರ್ಯದಿಂದ. ಆಮೇಲೆ ಪೆನ್ನು ತೆಗೆದು ಆ ಸಾಲಿನ ಪಕ್ಕ "ಇಷ್ಟವಿದ್ದರೆ" ಎಂದು ಬರೆದು ಸಹಿ ಹಾಕಿದರು. ಅಕ್ಕ ಸ್ವಲ್ಪ ಹೊತ್ತು ಸುಮ್ನೆ ಕೂತರು. "ಪ್ರಾರ್ಥನಿಗಿ ನಿಲ್ಲಲಿ, ಎಲ್ಲರ ಜೋಡಿ ಇರ್ತಾಳ. ಬೈಬಲ್ ಪಾಠ ಬ್ಯಾಡ್ರಿ" ಎಂದರು.

ಆ ಒಂದು ಪದ ಪ್ರತಿ ಅನುದಾನಿತ ಶಾಲೆಯ ಫಾರಂನಲ್ಲಿ ಅಚ್ಚಾಗಿಯೇ ಬರಬೇಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಬರೆದಿದ್ದೇನೆ. ನಿಮ್ಮ ಮಕ್ಕಳ ಫಾರಂನಲ್ಲಿ ಏನಿದೆ, ಒಮ್ಮೆ ತೆಗೆದು ನೋಡಿ ಕಮೆಂಟಿನಲ್ಲಿ ಹೇಳಿ. ಅರ್ಜಿಗೆ ಜೋಡಿಸುತ್ತೇನೆ.