ಅಮ್ಮನ ಅಂಗಡಿಗೆ ಬಂದ ಸಾಫ್ಟ್‌ವೇರ್

ಮಧ್ಯಾಹ್ನದಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಅಮ್ಮನ ಟೈಲರಿಂಗ್ ಅಂಗಡಿ ನಿಮ್ಮಲ್ಲಿ ಸುಮಾರು ಜನರಿಗೆ ಗೊತ್ತು. ಗೌರಿ ಹಬ್ಬದ ಬ್ಲೌಸುಗಳು ರಾಶಿ ಬಿದ್ದಿವೆ. ಅಷ್ಟರಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಬೆಂಗಳೂರಲ್ಲಿ ಸ್ವಂತ ಕಂಪನಿಯಂತೆ. ಮೊಬೈಲಲ್ಲಿ ಎರಡು ಫೋಟೋ ತೆಗೆದರೆ ಸಾಕು, ಅಳತೆ ಬರುತ್ತದೆ, ಕಟಿಂಗ್ ಗೆರೆಯೂ ಬರುತ್ತದೆ, ಬಟ್ಟೆ ಒಂಚೂರೂ ದಂಡವಾಗಲ್ಲ. "ಇನ್ಮೇಲೆ ನಿಮಗೆ ಟೇಪೇ ಬೇಡ ಆಂಟಿ" ಅಂದ.

ಅಮ್ಮ ಸ್ಕ್ರೀನ್ ನೋಡಿ ಕೇಳಿದ್ದು ಒಂದೇ ಮಾತು. "ಹೊಲಿಗೆ ಒಳಗೆ ಬಟ್ಟೆ ಎಷ್ಟು ಬಿಟ್ಟಿದ್ದೀಯಪ್ಪಾ?"

ಒಂದು ಸೆಂಟಿಮೀಟರ್ ಅಂತೆ.

ನನ್ನ ತಕರಾರು ಇದೇ. ನಮ್ಮ ಕಡೆ ರೇಷ್ಮೆ ಬ್ಲೌಸನ್ನು ಒಂದು ವರ್ಷ ಹಾಕಿ ಬಿಸಾಕುತ್ತಾರಾ? ಬಾಣಂತನ ಮುಗಿದ ಮೇಲೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಸುತ್ತಾರೆ. ಅಕ್ಕನದು ತಂಗಿಗೆ ಹೋಗುತ್ತದೆ. ಅದಕ್ಕೇ ಅಮ್ಮ ಎರಡೂ ಬದಿಗೆ ಒಂದೊಂದು ಇಂಚು ಬಿಡುವುದು. ಅವನ ಲೆಕ್ಕದಲ್ಲಿ ಅದು ದಂಡ. ತೀರ್ಥಹಳ್ಳಿ ಕಡೆಯಿಂದ ಬರುವವರು "ತೋಟದ ಕೆಲಸ ಅಕ್ಕಾ, ಕಂಕುಳ ಹತ್ರ ಸ್ವಲ್ಪ ಲೂಸ್ ಇರ್ಲಿ" ಅನ್ನುತ್ತಾರೆ. ಫೋಟೋದಲ್ಲಿ ಅದು ಕಾಣುತ್ತದಾ? ಕಾಟನ್ ಲೈನಿಂಗನ್ನು ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಈ ಮಳೆಯಲ್ಲಿ ಒಣಗಲು ಎರಡು ದಿನ ಬೇಕು. ಒಂದು ದಿನ ಅಮ್ಮನ ಪಕ್ಕ ಕೂತಿದ್ದರೆ ಇದೆಲ್ಲ ಗೊತ್ತಾಗುತ್ತಿತ್ತು. ಕೂರಲಿಲ್ಲ. ಸಾಫ್ಟ್‌ವೇರ್ ಮಾಡಿ ಮುಗಿಸಿ, ಮಾರಲು ಬಂದ.

ಇನ್ನು ಆ ಫೋಟೋ ಅಳತೆ. ಯಾರ ಮೈ ನೋಡಿ ಕಲಿತದ್ದು ಅದು? ನಮ್ಮ ರೆಡಿಮೇಡ್ ಸೈಜುಗಳೇ ಹೆಚ್ಚಾಗಿ ಇಂಗ್ಲೆಂಡ್, ಅಮೆರಿಕದ ಚಾರ್ಟ್ ನೋಡಿ ಮಾಡಿದವು. ಅದಕ್ಕೇ ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್ ಆರು ನಗರಗಳಲ್ಲಿ 25,000 ಜನರ ಮೈ ಅಳತೆ ತೆಗೆಯುವ ಯೋಜನೆ ಹಾಕಿಕೊಂಡಿತು.

ಹಾಗಾದ್ರೆ ಕಂಪ್ಯೂಟರೇ ಬೇಡವಾ ಅಂತ ಕೇಳುತ್ತೀರಿ. ಗೊತ್ತು. ಒಂದೇ ಥರದ ಸಾವಿರಾರು ಶರ್ಟ್ ಹೊಲಿಯುವ ಗಾರ್ಮೆಂಟ್ಸ್‌ನಲ್ಲಿ ಬೇಕೇ ಬೇಕು. ಅಲ್ಲಿ ಬಟ್ಟೆಯದೇ ದೊಡ್ಡ ಖರ್ಚು. ಆದರೆ ಅಲ್ಲಿಗೂ ಕಂಪ್ಯೂಟರ್ ಸುಮ್ನೆ ಬಂದು ಕೂತಿಲ್ಲ. ಅಮೆರಿಕದ ಜೋಸೆಫ್ ಗರ್ಬರ್ 1960ರ ದಶಕದ ಕೊನೆಗೆ ಕಂಪ್ಯೂಟರ್ ಕಟಿಂಗ್ ಮೆಷಿನ್ ಮಾಡಿದರು. ಬಟ್ಟೆ ಮೆತ್ತಗೆ, ಚಾಕು ತಾಗಿದರೆ ಜರುಗುತ್ತದೆ. ಅದಕ್ಕೆ ಅವರು ಮೇಜಿಗೆ ಬ್ರಷ್ಷಿನಂಥ ಎಳೆಗಳನ್ನು ಕೂರಿಸಿ, ಕೆಳಗಿನಿಂದ ಗಾಳಿ ಎಳೆದು, ಪದರ ಪದರವಾಗಿ ಹಾಸಿದ ಬಟ್ಟೆಯನ್ನು ಬಿಗಿಯಾಗಿ ಹಿಡಿಸಿದರು. ಬಟ್ಟೆಯ ಗುಣ ಗೊತ್ತಿದ್ದವರು ಮಾಡಿದ ಕೆಲಸ ಅದು. ಈ ಹುಡುಗನಿಂದ ನಾನು ಕೇಳುವುದೂ ಅಷ್ಟೇ.

ಒಂದು ಮಾತು ಹೇಳಲೇಬೇಕು. ನಾನೂ ಕೋಡ್ ಬರೆದೇ ಬದುಕುವವಳು. ಆ ಒಂದಿಂಚಿನ ವಿಷಯ ನನಗೂ ಇವತ್ತೇ ಗೊತ್ತಾಗಿದ್ದು. ಅಮ್ಮನ ಹೊಲಿಗೆ ಮೆಷಿನ್ ಸದ್ದಿನಲ್ಲೇ ಬೆಳೆದೆ, ಅದರ ದುಡ್ಡಲ್ಲೇ ಓದಿದೆ. ಒಂದು ದಿನವೂ ಅಮ್ಮನನ್ನು ಕೇಳಲಿಲ್ಲ. ಈ ಸಿಟ್ಟಿನಲ್ಲಿ ಜಾಸ್ತಿ ಪಾಲು ನನ್ನ ಮೇಲೇ ಇದೆ.

ಅಮ್ಮನಿಗೆ ಸಿಟ್ಟೇ ಬರಲಿಲ್ಲ. ಅವನಿಗೆ ಕಾಫಿ ಕೊಟ್ಟು, "ಹಬ್ಬ ಮುಗಿದ ಮೇಲೆ ಬಾ ತಮ್ಮಾ, ಒಂದು ವಾರ ಇಲ್ಲೇ ಕೂತ್ಕೋ, ಹೇಳಿಕೊಡ್ತೀನಿ" ಅಂದರು. ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಆ ವಾರಕ್ಕೆ ನಾನಂತೂ ರಜೆ ಹಾಕಿದ್ದೇನೆ.