ಅವರ ಗುರುತು ಅವರೇ ಹೇಳಲಿ

ಇಲ್ಲಿ ಅಮೆರಿಕದಲ್ಲಿ, ಆಫೀಸಿನ ಒಂದು ಕಾರ್ಯಕ್ರಮಕ್ಕೆ ಭಾಷಣಕಾರರ ಪರಿಚಯ ಬರೆಯುವ ಕೆಲಸ ನನಗೆ ಬಂದಿತ್ತು. ಒಬ್ಬರ ಬಗ್ಗೆ ‘ಆಫ್ರಿಕನ್ ಅಮೆರಿಕನ್ ಎಂಜಿನಿಯರ್’ ಅಂತ ಬರೆದೆ. ಅದೇ ಮರ್ಯಾದೆಯ ಮಾತು ಅಂತ ನಂಬಿದ್ದೆ. ಅವರು ಹಾಳೆ ಓದಿದರು. ಪೆನ್ ತೆಗೆದು ಮೊದಲಿನ ಎರಡು ಪದ ಹೊಡೆದು, ಮೇಲೆ ಸಣ್ಣಗೆ ‘ಬ್ಲ್ಯಾಕ್’ ಅಂತ ಬರೆದರು. “ನಾನು ಜಮೈಕಾದವಳು. ಇಷ್ಟು ಸಾಕು” ಅಂದರು. ದನಿಯಲ್ಲಿ ಕೋಪ ಇರಲಿಲ್ಲ. ಇನ್ನೆಷ್ಟು ಜನರಿಗೆ ಹೀಗೆ ತಿದ್ದಿ ಕೊಟ್ಟಿದ್ದಾರೋ ಅನ್ನಿಸಿ ನನಗೇ ಸಂಕಟವಾಯಿತು.

ಗೆಳೆಯರಿಗೆ ಹೇಳಿದರೆ, “ಪದ ಬದಲಾಗ್ತಾನೇ ಇರುತ್ತೆ, ಎಷ್ಟು ಅಂತ ನೆನಪಿಟ್ಕೊಳ್ಳೋದು?” ಅಂತಾರೆ. ಬದಲಾಗುತ್ತೆ, ನಿಜ. ಸುಮ್ನೆ ಬದಲಾಗಲಿಲ್ಲ. 1963ರ ಭಾಷಣದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಜನರನ್ನು ‘ನೀಗ್ರೋ’ ಅಂತಲೇ ಕರೆದರು. ಆಗ ಅದು ಗೌರವದ ಪದ. ಮೂರೇ ವರ್ಷದಲ್ಲಿ ಯುವಕರು ‘ಬ್ಲ್ಯಾಕ್ ಪವರ್’ ಅಂತ ಕೂಗಿದರು. ಬೈಗುಳವಾಗಿದ್ದ ಬಣ್ಣವನ್ನೇ ಎದೆಗೆ ಹಚ್ಚಿಕೊಂಡರು. 1988ರಲ್ಲಿ ನಾಗರಿಕ ಹಕ್ಕುಗಳ ಹೋರಾಟದ ನಾಯಕ ಜೆಸ್ಸಿ ಜಾಕ್ಸನ್ ‘ಆಫ್ರಿಕನ್ ಅಮೆರಿಕನ್’ ಅನ್ನಿ ಅಂದರು. ಉಳಿದವರ ಹಾಗೆ ನಮಗೂ ಮೂಲದ ನೆಲ ಇದೆ ಅನ್ನೋದು ಅವರ ವಾದ. ಪ್ರತಿ ಸಲವೂ ಪದ ಆರಿಸಿಕೊಂಡವರು ಆ ಜನರೇ. ಕಾನೂನು ನಿಧಾನವಾಗಿ ಹಿಂದೆ ಬಂತು. ಕೆಲವು ಕೇಂದ್ರ ಕಾನೂನುಗಳಲ್ಲಿ ಉಳಿದಿದ್ದ ‘ನೀಗ್ರೋ’, ಏಷ್ಯಾ ಮೂಲದವರನ್ನು ಕರೆಯುತ್ತಿದ್ದ ‘ಓರಿಯಂಟಲ್’ ಪದಗಳನ್ನು ತೆಗೆದದ್ದು 2016ರಲ್ಲಿ. ನಮ್ಮ ಮಾತಿನಲ್ಲಂತೂ ‘ನೀಗ್ರೋ’ ಇನ್ನೂ ಸಲೀಸಾಗಿ ಬರುತ್ತೆ. ನನಗೆ ಅದು ಜಾಸ್ತಿ ನೋವು ಕೊಡುತ್ತೆ.

ಪಟ್ಟಿ ಬಾಯಿಪಾಠ ಮಾಡಿದರೂ ಸಾಲದು. ‘ಕಲರ್ಡ್’ ಅನ್ನೋದು ಅಮೆರಿಕದಲ್ಲಿ ಅವಮಾನ. ಬಿಳಿಯರಿಂದ ಅವರನ್ನು ಬೇರೆ ಇಟ್ಟಿದ್ದ ಕಾಲದಲ್ಲಿ ಕುಡಿಯುವ ನೀರಿನ ನಲ್ಲಿಯ ಮೇಲೂ ಆ ಬೋರ್ಡ್ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ಮಿಶ್ರ ಮೂಲದ ಲಕ್ಷಾಂತರ ಜನ ತಮ್ಮನ್ನು ಇವತ್ತಿಗೂ ‘ಕಲರ್ಡ್’ ಅಂತಲೇ ಕರೆದುಕೊಳ್ತಾರೆ. ಉತ್ತರ ಧ್ರುವದ ಹತ್ತಿರದ ಹಿಮನಾಡಿನ ಜನರಿಗೆ ‘ಎಸ್ಕಿಮೊ’ ಬಿಟ್ಟು ‘ಇನುಯಿಟ್’ ಅನ್ನೋದು ಕಲಿತೆವು, ಸರಿ. ಆದರೆ ಅಲಾಸ್ಕಾದ ಯೂಪಿಕ್ ಜನ ಇನುಯಿಟ್ ಅಲ್ಲ. ಕೇಳದೆ ಗೊತ್ತಾಗೋದು ಹೇಗೆ? ಕೇಳೋಕೆ ಅರ್ಧ ನಿಮಿಷವೂ ಬೇಡ ಅಲ್ವಾ?

ಮೊನ್ನೆ ಇನ್ನೊಬ್ಬರ ಪರಿಚಯ ಬರೆಯಬೇಕಿತ್ತು. ಈ ಸಲ ಮೊದಲೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಅಲ್ಲಿ ಬೇಕಾ?” ಅಂದರು. ಯೋಚಿಸಿದೆ. ಭಾಷಣ ಇದ್ದದ್ದು ಸೇತುವೆಗಳ ಬಗ್ಗೆ. ಹೆಸರು, ಕೆಲಸ ಬರೆದು ಹಾಳೆ ಅವರ ಕೈಗೆ ಕೊಟ್ಟೆ.