ಡೀಸಿ ರಜೆ ಕೊಟ್ರಾ?

2024ರ ಅಕ್ಟೋಬರ್. ದಾನಾ ಚಂಡಮಾರುತ ಬರುತ್ತೆ ಅಂತ ಭುವನೇಶ್ವರದ ತುಂಬ ಅದೇ ಮಾತು. ನಮ್ಮ ಮನೆಗೆಲಸಕ್ಕೆ ಬರುವ ಮಾವುಸಿ ಎರಡು ದಿನ ಮುಂಚೆಯೇ ರಜೆ ಕೇಳಿದಳು. ಒಡಿಶಾ ಕರಾವಳಿಯ ಎರಸಮಾ ಕಡೆಯವಳು. ಕಾಗದಪತ್ರ ಕಟ್ಟಿಡಬೇಕು, ಮೇಕೆಗಳ ಹಗ್ಗ ಬಿಚ್ಚಬೇಕು ಅಂದಳು. ನಡೆಯಲಾಗದ ಅತ್ತೆ ಇದ್ದಾಳಲ್ಲ ಅಂದೆ. ಆಕೆಯ ಹೆಸರು ಊರಿನ ಪಟ್ಟಿಯಲ್ಲಿದೆಯಂತೆ, ಎತ್ತಿಕೊಂಡು ಹೋಗೋ ಇಬ್ಬರು ಹುಡುಗರ ಹೆಸರೂ ಅದರ ಪಕ್ಕದಲ್ಲೇ ಇದೆಯಂತೆ. ಆಮೇಲೆ ಪಾತ್ರೆ ತೊಳೀತಾನೇ ಕೇಳಿದಳು, 'ಬಾಬು, ನಿಮ್ಮೂರಲ್ಲಿ ನಿಮ್ಮ ಅಮ್ಮನ್ನ ಯಾರು ಎತ್ಕೊಂಡು ಹೋಗ್ತಾರೆ?'

ಸುಮ್ಮನಾದೆ. ಅಮ್ಮ ಇರೋದು ಅಂಕೋಲಾ ತಾಲೂಕಿನಲ್ಲಿ. ಹಿಂದೆ ಗುಡ್ಡ, ಮುಂದೆ ಹೊಳೆ. ಅದೇ ವರ್ಷ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಿತ್ತು, ಪಕ್ಕದ ಗಂಗಾವಳಿ ಹೊಳೆಗೆ ಬಿದ್ದ ಒಂದು ಲಾರಿ ಮೇಲೆತ್ತೋಕೆ ಸೆಪ್ಟೆಂಬರ್ ಕೊನೆ ಬಂತು. ಗುಡ್ಡ ಕುಸಿಯುವ ಹಿಂದಿನ ದಿನ ನಾನು ಮನೆಗೆ ಫೋನ್ ಮಾಡಿದ್ದೆ. ಆಗ ಅಣ್ಣನ ಮನೆಯಲ್ಲಿ ನಡೆಯುತ್ತಿದ್ದ ಚರ್ಚೆ ಒಂದೇ: ಡೀಸಿ ರಜೆ ಕೊಟ್ರಾ, ಇಲ್ವಾ?

ನಮ್ಮ ಕಡೆ ರೆಡ್ ಅಲರ್ಟ್ ಅಂದ್ರೆ ಅಷ್ಟೇ ಅಲ್ವಾ. ಮಕ್ಕಳಿಗೆ ಖುಷಿ, ಹಂಡೆಗೆ ಬೆಂಕಿ, ಹಪ್ಪಳ. ನಾನೂ ಹಾಗೇ ಬೆಳೆದವನು, ಈಗಲೂ ಜೋರು ಮಳೆ ಬಂದರೆ ಮೊದಲು ನೆನಪಾಗೋದು ಆ ಹಂಡೆಯ ಹೊಗೆಯೇ. ಆದರೆ ಹಿಂದಿನ ಗುಡ್ಡ ಜಾರಿದರೆ ಯಾವ ಮನೆಯವರು ಎಲ್ಲಿಗೆ ಹೋಗಬೇಕು ಅಂತ ನಮ್ಮ ಕೇರಿಯಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ.

ಇಲ್ಲಿ ಹಾಗಲ್ಲ. ದಾನಾ ಬರುವ ಮೊದಲೇ ಸುಮಾರು 6 ಲಕ್ಷ ಜನರನ್ನು ಆಶ್ರಯಕೇಂದ್ರಗಳಿಗೆ ಕಳಿಸಿದರು. ಹೆರಿಗೆ ಹತ್ತಿರ ಬಂದಿದ್ದ ಸಾವಿರಾರು ಬಸುರಿಯರನ್ನು ಆಸ್ಪತ್ರೆಗೆ ಸಾಗಿಸಿದರು. ಬಸುರಿ ಯಾವ ಮನೆಯಲ್ಲಿದ್ದಾಳೆ ಅಂತ ಮೊದಲೇ ಗೊತ್ತಿದ್ದರೆ ತಾನೇ ಅದು ಆಗೋದು? ಮಾವುಸಿಯ ಊರಿನ ಕೇಂದ್ರ ಕಂಬಗಳ ಮೇಲೆ ನಿಂತ ಕಾಂಕ್ರೀಟ್ ಕಟ್ಟಡ, ಬಾಕಿ ದಿನ ಶಾಲೆ. ಅಲ್ಲಿ ಕೊಡೋದು ಚೂಡಾ-ಗುಡ. ನಮ್ಮ ಅವಲಕ್ಕಿ-ಬೆಲ್ಲವೇ, ಕಣ್ರೀ! ಅದನ್ನು ಕೇಳಿ ಸುಮ್ನೆ ಹೊಟ್ಟೆಕಿಚ್ಚಾಯ್ತು. ಅವಲಕ್ಕಿ ನಮ್ಮಲ್ಲೂ ಇದೆ, ಇಲ್ಲದ್ದು ಪಟ್ಟಿ.

ಪ್ರತಿ ಸಲ ಊರಿಗೆ ಹೋದಾಗ ಇದನ್ನು ಹೇಳ್ತೀನಿ, ಪ್ರತಿ ಸಲ ಅಣ್ಣ 'ನಿನ್ನ ಒಡಿಶಾ ಪುರಾಣ ಸಾಕು ಮಾರಾಯ' ಅಂತಾನೆ.

ಸರಿ, ಅವನು ಹೇಳೋದರಲ್ಲೂ ಸ್ವಲ್ಪ ಹುರುಳಿದೆ. ಚಂಡಮಾರುತ ನಾಲ್ಕು ದಿನ ಮೊದಲೇ ಹೇಳಿ ಬರುತ್ತೆ, ಗುಡ್ಡ ಹೇಳಲ್ಲ. ಬರ ಅಳೆಯೋಕೆ ಅಂತಲೇ 1988ರಲ್ಲಿ ಒಂದು ಕೋಶ ಕಟ್ಟಿದ ರಾಜ್ಯ ನಮ್ಮದು, ಈಗ ಪಂಚಾಯ್ತಿ ಮಟ್ಟದಲ್ಲೂ ಮಳೆಮಾಪಕ ಇದೆ. ಲೆಕ್ಕ ಇದೆ ಅಂತಾಯ್ತು. ಅದು ನಮ್ಮ ಅಂಗಳಕ್ಕೆ ಇಳಿದಿಲ್ಲ, ಅಷ್ಟೇ. ಇನ್ನು ಇಲ್ಲಿಯವರೇನು ಹುಟ್ಟಾ ಜಾಣರಾ? 1999ರ ಅಕ್ಟೋಬರ್ 29ರ ಚಂಡಮಾರುತದಲ್ಲಿ ಸುಮಾರು 10 ಸಾವಿರ ಜನ ಸತ್ತರು, ಎರಸಮಾದಲ್ಲೇ ಜಾಸ್ತಿ. ಮಾವುಸಿಯ ಅತ್ತೆ ಆ ರಾತ್ರಿ ಮರ ತಬ್ಬಿಕೊಂಡು ಉಳಿದವಳು. ಪಟ್ಟಿ ಬರೆದದ್ದೆಲ್ಲ ಆಮೇಲೆಯೇ.

ಐದು ದಿನ ಬಿಟ್ಟು ಮಾವುಸಿ ಬಂದಳು. ಭತ್ತ ನೀರಲ್ಲಿ ನಿಂತಿದೆ, ಅಡುಗೆಮನೆಯ ಶೀಟು ಹಾರಿಹೋಗಿದೆ. 'ಅತ್ತೆ?' ಅಂದೆ. ಆಶ್ರಯಕೇಂದ್ರದಲ್ಲಿ ಬೆಲ್ಲ ಕಮ್ಮಿ ಕೊಟ್ಟರು ಅಂತ ಜಗಳ ಆಡಿ ಬಂದಿದ್ದಾಳಂತೆ.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಜಾಗದ ಪತ್ರಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಮ್ಮ ಅಂದೆ. 'ಯಾಕೋ, ಮಾರೋದಾ?' ಅಂದಳು.